ಬಾಬಿನಕ್ಕನ ಶನಿವಾರದ ಪತ್ರ

ಹೊಲಿಗೆ ಮಿಷನ್ನು ರಿಪೇರಿ ಮಾಡುವ ಅಂಗಡಿಯಲ್ಲಿ ಹೆಂಗಸೊಬ್ಬಳು ಕೂತಿದ್ದರೆ ಜನ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮೆಕ್ಯಾನಿಕ್ ಇಲ್ವಾ?" ಬಾಬಿನಕ್ಕ ಇದಕ್ಕೆಲ್ಲ ಜಗಳ ಕಾಯುವ ಗೋಜಿಗೆ ಹೋದವಳಲ್ಲ. "ಊಟಕ್ಕೆ ಹೋಗಿದಾರೆ, ಕೂತ್ಕೊಳ್ಳಿ, ಅಷ್ಟರಲ್ಲಿ ನಾನೊಂದ್ಸಲ ನೋಡ್ತೀನಿ" ಎಂದು ಮಿಷನ್ನಿನ ತಲೆ ಮಗುಚಿ, ಒಳಗೆ ಸೇರಿಕೊಂಡ ನೂಲಿನ ಉಂಡೆಯನ್ನು ಕಿತ್ತು, ಎರಡು ಹನಿ ಎಣ್ಣೆ ಬಿಟ್ಟು, ಹಳೇ ಬಟ್ಟೆಯ ಮೇಲೆ ಒಂದು ಸಾಲು ಹೊಲಿದು ತೋರಿಸುವ ಹೊತ್ತಿಗೆ ಗಿರಾಕಿಗೆ ಮೆಕ್ಯಾನಿಕ್ ಯಾರೆಂದು ತಿಳಿದಿರುತ್ತಿತ್ತು. ಮೂವತ್ತು ವರ್ಷವಾದರೂ ಆ ಮೆಕ್ಯಾನಿಕ್ಕಿನ ಊಟ ಮುಗಿದಿಲ್ಲ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಬೀದಿಗೆ ತೆರೆಯುವ ಕಬ್ಬಿಣದ ಷಟರ್, ಒಳಗೆ ಉದ್ದನೆಯ ಬೆಂಚು, ಗೋಡೆಯ ತುಂಬ ಡಬ್ಬಿಗಳು. ಬಿಸ್ಕತ್ತಿನ ಡಬ್ಬಿಯಲ್ಲಿ ಸ್ಕ್ರೂ, ಪೌಡರ್ ಡಬ್ಬಿಯಲ್ಲಿ ಸ್ಪ್ರಿಂಗು, ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಎಣ್ಣೆ. ಡಬ್ಬಿಯ ಮೇಲೆ ಬರೆದಿರುವುದಕ್ಕೂ ಒಳಗಿರುವುದಕ್ಕೂ ಯಾವ ಸಂಬಂಧವೂ ಇಲ್ಲದ್ದರಿಂದ ಕಳ್ಳ ಬಂದರೆ ಅವನೇ ತಬ್ಬಿಬ್ಬಾಗಿ ಹೋಗಬೇಕು ಎನ್ನುವುದು ಅವಳ ಧೈರ್ಯ. ಮೇಲಂಗಿಯ ಜೇಬಿನಲ್ಲಿ ಸದಾ ಹತ್ತಿಪ್ಪತ್ತು ಬಾಬಿನ್‌ಗಳು ಸದ್ದು ಮಾಡುತ್ತಿದ್ದವು. ಯಾರ ಜೊತೆ ಮಾತಿಗೆ ನಿಂತರೂ ಒಂದನ್ನು ತೆಗೆದು ಅದಕ್ಕೆ ನೂಲು ಸುತ್ತುತ್ತ ನಿಲ್ಲುವುದು ಅವಳ ಅಭ್ಯಾಸ. ಮಾತು ಉದ್ದವಾದಷ್ಟೂ ಗಿರಾಕಿಗೆ ಲಾಭ, ತುಂಬಿದ ಬಾಬಿನ್ನನ್ನು ಅವರ ಕೈಗೇ ಹಾಕಿ ಕಳಿಸುತ್ತಿದ್ದಳು.

ಕೆಲಸ ಕಲಿಸಿದವನು ಒಬ್ಬ ಮುದುಕ ಮೆಕ್ಯಾನಿಕ್. ಇಪ್ಪತ್ತನೆಯ ವಯಸ್ಸಿನಲ್ಲಿ ಅವನ ಅಂಗಡಿಗೆ ಕಸ ಗುಡಿಸಲು ಸೇರಿದ ಹುಡುಗಿ, ಕಸದಲ್ಲಿ ಸಿಕ್ಕ ಸ್ಕ್ರೂ ಯಾವ ಮಿಷನ್ನಿನದು ಎಂದು ಹೇಳತೊಡಗಿದಾಗ ಮುದುಕ ಪೊರಕೆ ಕಿತ್ತುಕೊಂಡು ಸ್ಕ್ರೂಡ್ರೈವರ್ ಕೊಟ್ಟ. ಅವನ ಕಟ್ಟುನಿಟ್ಟಿನ ನಿಯಮಗಳು ಎರಡೇ. ಹೊಸ ಮಿಷನ್ನನ್ನು ಮೊದಲ ದಿನವೇ ಓಡಿಸಬೇಡ, ನಡೆಸು; ನಾಲ್ಕು ದಿನ ಹದ ಬರಲಿ, ಆಮೇಲೆ ಓಡುತ್ತದೆ. ಮತ್ತೆ, ಗಿರಾಕಿಗಳ ಪುಸ್ತಕದಲ್ಲಿ ಯಾರ ಹೆಸರಿಗೂ ಗೀಟು ಎಳೆಯಬೇಡ. ಹೊಲಿಯುವವರು ತೀರಿಕೊಳ್ಳಬಹುದು, ಊರು ಬಿಡಬಹುದು, ಕಣ್ಣು ಮಂಜಾಗಿ ಹೊಲಿಗೆ ನಿಲ್ಲಿಸಬಹುದು. ಮಿಷನ್ನು ಮಾತ್ರ ಸಾಯುವುದಿಲ್ಲ. ಮಗಳ ಮನೆಗೋ ಸೊಸೆಯ ಮನೆಗೋ ಹೋಗಿ, ಒಂದು ದಿನ ಕುಂಟುತ್ತ ಅದೇ ಅಂಗಡಿಗೆ ಬರುತ್ತದೆ. ಈ ಎರಡು ನಿಯಮಗಳಲ್ಲಿ ಒಂದನ್ನು ಮುರಿದದ್ದಕ್ಕೆ, ಇನ್ನೊಂದನ್ನು ಮುರಿಯದೇ ಇದ್ದದ್ದಕ್ಕೆ ಬಾಬಿನಕ್ಕ ಐವತ್ತೆಂಟನೆಯ ವಯಸ್ಸಿನಲ್ಲಿ ಪಡಬಾರದ ಪಾಡು ಪಟ್ಟಳು. ಅದೂ ಮಿಷನ್ನಿನ ವಿಷಯದಲ್ಲಲ್ಲ, ಇಮೇಲಿನ ವಿಷಯದಲ್ಲಿ.

ಇಮೇಲು ಶುರುವಾದದ್ದು ಹದಿಮೂರು ವರ್ಷದ ಹಿಂದೆ. ದಿನಕ್ಕೆ ನಲವತ್ತು ಫೋನು, ನಲವತ್ತರಲ್ಲೂ ಒಂದೇ ಪ್ರಶ್ನೆ: ನೂಲು ಯಾಕೆ ತುಂಡಾಗುತ್ತೆ? ಉತ್ತರ ಹೇಳಿ ಹೇಳಿ ದವಡೆ ನೋಯುವಾಗ, ಒಂದೇ ಸಲ ಬರೆದು ಎಲ್ಲರಿಗೂ ಕಳಿಸಿಬಿಡಬಾರದೇ ಎಂದು ಹೊಳೆಯಿತು. ಹೀಗೆ ಹುಟ್ಟಿದ್ದು ಶನಿವಾರದ ಪತ್ರ. ಅದರಲ್ಲಿ ವಾರಕ್ಕೊಂದು ಕಾಯಿಲೆ, ಅದಕ್ಕೊಂದು ಮದ್ದು, ಒಂದು ಚಿತ್ರ, ಕೊನೆಗೆ 'ಬೇಕು, ಇದೆ' ಎಂಬ ಪಟ್ಟಿ. ಕಂಪನಿ ಮುಚ್ಚಿ ಇಪ್ಪತ್ತು ವರ್ಷವಾದ ಮಿಷನ್ನಿನ ಬಿಡಿಭಾಗ ಬೇಕಾದವರು ಒಂದು ಮೂಲೆಯಲ್ಲಿ, ಅದೇ ಮಿಷನ್ನನ್ನು ಅಟ್ಟದ ಮೇಲೆ ಹಾಕಿದವರು ಇನ್ನೊಂದು ಮೂಲೆಯಲ್ಲಿ. ಇಬ್ಬರನ್ನೂ ಜೋಡಿಸುವುದು ಈ ಪಟ್ಟಿಯ ಕೆಲಸ. ಬಾಬಿನಕ್ಕನ ಬರವಣಿಗೆಗೆ ನಯನಾಜೂಕು ಗೊತ್ತಿರಲಿಲ್ಲ. "ಸೂಜಿ ಮುರಿಯುವ ತನಕ ಬದಲಾಯಿಸದವರು ಹಲ್ಲುಜ್ಜುವ ಬ್ರಷ್ಷನ್ನೂ ಹಾಗೇ ಇಟ್ಟುಕೊಂಡಿದ್ದೀರೇನು?" ಎಂದು ಬರೆದ ವಾರ ಅಂಗಡಿಯಲ್ಲಿದ್ದ ಸೂಜಿಗಳೆಲ್ಲ ಖಾಲಿಯಾದವು. ಪತ್ರ ಪಡೆಯುವವರ ಸಂಖ್ಯೆ ಬೆಳೆದು ಬೆಳೆದು ಮೂರು ಸಾವಿರದ ಎಂಟುನೂರ ಹನ್ನೆರಡಕ್ಕೆ ಬಂತು.

ಪತ್ರ ಪಡೆಯುವವರ ಪಟ್ಟಿಯಲ್ಲಿ ನಾಲ್ಕನೆಯ ವಿಳಾಸ ಅವಳ ತಂಗಿಯದು. ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಜಗಳಕ್ಕೆ ಕಾರಣ ಅಮ್ಮನ ಮಿಷನ್ನು. ಅಮ್ಮ ಹೋದ ಮೇಲೆ ಅದನ್ನು ಒಮ್ಮೆ ಬಿಚ್ಚಿ ತೊಳೆದು ಕೊಡುತ್ತೇನೆಂದು ಬಾಬಿನಕ್ಕ ಅಂಗಡಿಗೆ ತಂದಿದ್ದಳು. ಅದೇ ವಾರ ಒಬ್ಬ ದರ್ಜಿ ಓಡೋಡಿ ಬಂದ. ಮದುವೆ ಮನೆಯ ಬಟ್ಟೆ ಮೈಮೇಲೆ ಬಿದ್ದಿದೆ, ಮಿಷನ್ನಿನೊಳಗೆ ಬಾಬಿನ್ ಕೂರುವ ಶಟಲ್ ಒಡೆದಿದೆ, ಅಂಥ ಶಟಲ್ ಎಲ್ಲೂ ಸಿಗುತ್ತಿಲ್ಲ. ಅಮ್ಮನ ಮಿಷನ್ನಿನಲ್ಲಿ ಅಂಥದ್ದೇ ಒಂದು ಸುಮ್ಮನೆ ಕೂತಿತ್ತು. ರಿಪೇರಿಯವರ ಕೈ ಇಂಥ ಹೊತ್ತಿನಲ್ಲಿ ಯೋಚನೆ ಮಾಡುವುದಿಲ್ಲ. ನಿಂತ ಮಿಷನ್ನಿನಿಂದ ತೆಗೆದು ಓಡುವ ಮಿಷನ್ನಿಗೆ ಹಾಕುವುದು ಅವರಿಗೆ ಉಸಿರಾಡಿದಷ್ಟು ಸಹಜ. ಬೇರೆ ಶಟಲ್ ಸಿಕ್ಕ ಮೇಲೆ ಹಾಕಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ತಂಗಿ ಬಂದಳು. ಅಮ್ಮನ ಮಿಷನ್ನಿನಲ್ಲಿ ಒಂದು ದಿಂಬಿನ ಚೀಲ ಹೊಲಿಯಬೇಕೆಂದು ಬಟ್ಟೆ ಹಿಡಿದುಕೊಂಡೇ ಬಂದವಳು, ಹೊಟ್ಟೆ ಬಗೆದ ಮಿಷನ್ನನ್ನು ನೋಡಿ, "ಅಮ್ಮನ್ನೂ ಬಿಡಿಭಾಗ ಮಾಡಿಬಿಟ್ಯಲ್ಲ" ಎಂದು ಒಂದೇ ಮಾತು ಅಂದು ಹೊರಟುಹೋದಳು. ಬಾಬಿನಕ್ಕನಿಗೆ ತಪ್ಪಾಯಿತು ಅನ್ನುವುದು ಆ ಕ್ಷಣವೇ ಗೊತ್ತಾಗಿತ್ತು. ಆದರೆ ತಪ್ಪಾಯಿತು ಅಂತ ಹೇಳುವುದಕ್ಕೆ ಅವಳ ಬಾಯಿಗೆ ಆವತ್ತು ಬಿದ್ದ ಬೀಗ ಮತ್ತೆ ಕಳಚಲಿಲ್ಲ. ತಂಗಿಯೂ ಅದೇ ತಾಯಿಯ ಮಗಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದು ಇಬ್ಬರಿಗೂ ಹುಟ್ಟಿನಿಂದ ಬಂದದ್ದು.

ಆದರೂ ಶನಿವಾರದ ಪತ್ರ ತಂಗಿಗೂ ಹೋಗುತ್ತಿತ್ತು. ಬೇಡ ಎಂದು ತಂಗಿ ಯಾವತ್ತೂ ಬರೆದಿರಲಿಲ್ಲ, ಬೇಕು ಎಂದೂ ಬರೆದಿರಲಿಲ್ಲ. ಬಾಬಿನಕ್ಕ ಅಷ್ಟನ್ನೇ ಸಂಬಂಧ ಎಂದು ಇಟ್ಟುಕೊಂಡಿದ್ದಳು. ಸೂಜಿಯ ಬಗ್ಗೆ ಬರೆಯುವಾಗಲೂ ಎಣ್ಣೆಯ ಬಗ್ಗೆ ಬರೆಯುವಾಗಲೂ ಮೂರು ಸಾವಿರ ಚಿಲ್ಲರೆ ಜನರ ನಡುವೆ ಒಬ್ಬಳು ಓದುತ್ತಾಳೆ ಎಂದುಕೊಂಡೇ ಬರೆಯುತ್ತಿದ್ದಳು. ನಿಜವಾಗಿ ಓದುತ್ತಾಳೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ, ಮತ್ತು ಆ ದಾರಿ ಇಲ್ಲದಿರುವುದೇ ಅವಳಿಗೆ ಹಿತವಾಗಿತ್ತು.

ದಾರಿ ಇರದಿದ್ದುದಕ್ಕೆ ಕಾರಣ ಅವಳ ಗಂಡ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದವನು. ಸ್ವಂತ ತಂತಿ, ಸ್ವಂತ ಕಂಬ ಇಲ್ಲದವನ ಮಾತಿಗೆ ಬೆಲೆಯಿಲ್ಲ ಎಂಬುದು ಅವನ ಸಿದ್ಧಾಂತ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹಳೆಯ ಕಂಪ್ಯೂಟರೊಂದನ್ನು ಕೂರಿಸಿ, ಪುಕ್ಕಟೆ ಸಿಗುವ ತಂತ್ರಾಂಶ ಹಾಕಿ, ಮನೆಯಿಂದಲೇ ಇಮೇಲು ಕಳಿಸುವ ವ್ಯವಸ್ಥೆ ಮಾಡಿದ್ದ. ಆ ಕಂಪ್ಯೂಟರಿಗೆ ಅವನು ಎಕ್ಸ್‌ಚೇಂಜ್ ಎಂದು ಹೆಸರಿಟ್ಟಿದ್ದ. ಅದರ ಫ್ಯಾನು ಗೊರಕೆ ಹೊಡೆಯುತ್ತಿತ್ತು. ಮಧ್ಯಾಹ್ನ ಅವನೂ ಅದರ ಪಕ್ಕದಲ್ಲೇ ಮಲಗುತ್ತಿದ್ದರಿಂದ ಯಾವುದು ಯಾರ ಗೊರಕೆ ಎಂದು ಬಾಬಿನಕ್ಕನಿಗೆ ಗೊತ್ತಾಗುತ್ತಿರಲಿಲ್ಲ. ಹದಿಮೂರು ವರ್ಷ ಎಕ್ಸ್‌ಚೇಂಜು ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ.

ತೊಂದರೆ ಶುರುವಾದದ್ದು ಇಂಟರ್‌ನೆಟ್ಟಿನ ಹಳೆಯ ಲೈನು ಬಿಟ್ಟು ಹೊಸದನ್ನು ಹಾಕಿಸಿಕೊಂಡಾಗ. ಹೊಸ ಲೈನು ಎಂದರೆ ಎಕ್ಸ್‌ಚೇಂಜಿಗೆ ಹೊಸ ನಂಬರು. ಇಮೇಲು ಪಡೆಯುವ ದೊಡ್ಡ ದೊಡ್ಡ ಕಂಪನಿಗಳ ಕಣ್ಣಿಗೆ ಅದು ಹೊಸ ಮುಖ. ಹೊಸ ಮುಖದವನು ಮೊದಲ ದಿನ ಹತ್ತು ಪತ್ರ, ಮರುದಿನ ಇಪ್ಪತ್ತು ಪತ್ರ ಹೀಗೆ ನಿಧಾನವಾಗಿ ಕಳಿಸಿ ಪರಿಚಯ ಮಾಡಿಕೊಳ್ಳಬೇಕಂತೆ. ಇದು ಗಂಡನಿಗೆ ಗೊತ್ತಿರಲಿಲ್ಲ. "ಹೊಸ ಲೈನಿನ ಸ್ಪೀಡ್ ನೋಡ್ತೀಯಾ?" ಎಂದು ಕೇಳಿದ. ಬಾಬಿನಕ್ಕನಿಗೂ ಕುತೂಹಲ, "ಬಿಡಿ ನೋಡೋಣ" ಎಂದಳು. ಮೂರು ಸಾವಿರದ ಎಂಟುನೂರ ಹನ್ನೆರಡು ಪತ್ರಗಳು ಹನ್ನೊಂದು ನಿಮಿಷದಲ್ಲಿ ಹೊರಬಿದ್ದವು. ಗಂಡಹೆಂಡತಿ ಇಬ್ಬರೂ ಟೀ ಕುಡಿದು ಸಂತೋಷಪಟ್ಟರು. ಹೊಸ ಮಿಷನ್ನನ್ನು ಓಡಿಸಬೇಡಿ ಎಂದು ಮೂವತ್ತು ವರ್ಷ ಊರಿಗೆಲ್ಲ ಹೇಳಿದವಳು ಬೇರೆ ಯಾರೋ ಅಲ್ಲ, ಇವಳೇ.

ಮುಂದಿನ ವಾರದಿಂದ ಪತ್ರಗಳು ಜನರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗಿದವು. ಲಾಟರಿ ಬಂದಿದೆ ಎನ್ನುವವರ, ಬೋಳು ತಲೆಗೆ ಕೂದಲು ಬರಿಸುವವರ ನಡುವೆ ಬಾಬಿನಕ್ಕ 'ಈ ವಾರದ ಕಾಯಿಲೆ: ಹೊಲಿಗೆ ಹಾರುವುದು' ಎಂದು ಪಾಪ ಒಬ್ಬಳೇ ನಿಂತಿದ್ದಳು. ಅಲ್ಲಿಯೂ ನೋಡುವವರು ಯಾರು? ಗಂಡ ಹಗಲೆಲ್ಲ ಗೂಡಿನಲ್ಲಿ ಕೂತು ಒಂದೊಂದು ಕಂಪನಿಗೂ ಅರ್ಜಿ ತುಂಬಿಸಿದ. ನಾವು ಮೋಸಗಾರರಲ್ಲ, ಮಿಷನ್ನು ರಿಪೇರಿಯವರು ಎಂದು ಬರೆದ. ಉತ್ತರವೆಂದು ಬಂದದ್ದೆಲ್ಲ ಯಂತ್ರಗಳು ಬರೆದ ಉತ್ತರ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅವನ ಎರಡು ತಿಂಗಳ ದುಡಿಮೆ.

ಇಲ್ಲಿ ಸೊಸೆಯ ಪ್ರವೇಶವಾಯಿತು. ಸೊಸೆ ಒಂದು ಕೊರಿಯರ್ ಕಂಪನಿಯಲ್ಲಿ ಗಿರಾಕಿಗಳ ದೂರು ಕೇಳುವ ವಿಭಾಗದಲ್ಲಿದ್ದಳು. ದಿನವೂ ಇನ್ನೂರು ಜನರ ಬೈಗುಳ ಕೇಳಿ ಬರುವವಳಾದ್ದರಿಂದ ಮನೆಯಲ್ಲಿ ಯಾರು ಏನಂದರೂ ಅವಳಿಗೆ ನಾಟುತ್ತಿರಲಿಲ್ಲ.

"ಅತ್ತೆ, ಇದನ್ನೆಲ್ಲ ಮಾಡಿಕೊಡೋಕೆ ಅಂತಲೇ ಕಂಪನಿಗಳಿವೆ" ಎಂದಳು ಒಂದು ಭಾನುವಾರ, ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದು. "ನೀವು ಪತ್ರ ಬರೆದು ಕೊಟ್ಟುಬಿಡಿ. ಕಳಿಸೋದು, ತಲುಪಿಸೋದು, ವಾಪಸ್ ಬಂದರೆ ನೋಡ್ಕೊಳ್ಳೋದು ಎಲ್ಲ ಅವರದು. ತಿಂಗಳಿಗೆ ಇಷ್ಟು ಅಂತ ಕೊಟ್ರೆ ಆಯ್ತು."

"ತಿಂಗಳು ತಿಂಗಳು ಕೊಡ್ತಾ ಹೋದ್ರೆ ಅದು ಬಾಡಿಗೆ ಮನೆ" ಎಂದ ಮಾವ. "ನಾಳೆ ಅವರು ರೇಟು ಏರಿಸ್ತಾರೆ, ನಾಡಿದ್ದು ಜಾಗ ಖಾಲಿ ಮಾಡಿ ಅಂತಾರೆ. ನಮ್ಮ ಜನರ ವಿಳಾಸ ಎಲ್ಲ ಅವರ ಕೈಗೆ ಕೊಟ್ಟು ನಾವು ಬಾಗಿಲಲ್ಲಿ ನಿಲ್ಲಬೇಕು."

"ಸ್ವಂತ ಮನೆ ಸರಿ ಮಾವ. ಆದರೆ ಆ ಮನೆಯಿಂದ ಹೊರಟ ಪತ್ರ ಪಕ್ಕದ ಮನೆಗೂ ಮುಟ್ಟುತ್ತಿಲ್ವಲ್ಲ."

"ಮುಟ್ಟುತ್ತೆ. ನಾನು ಅರ್ಜಿ ಹಾಕಿದೀನಿ."

"ನಮ್ಮ ಕಂಪನಿಗೂ ದಿನಾ ಬರುತ್ತೆ ಮಾವ ಅರ್ಜಿ. ಅದನ್ನ ನಾವೇನು ಮಾಡ್ತೀವಿ ಅಂತ ನಂಗೊತ್ತು."

ಬಾಬಿನಕ್ಕ ಬಾಬಿನ್ನಿಗೆ ನೂಲು ಸುತ್ತುತ್ತ ಇಬ್ಬರನ್ನೂ ನೋಡುತ್ತಿದ್ದಳು. ಗಂಡನ ಮಾತು ಹೃದಯಕ್ಕೆ ಹಿಡಿಸುತ್ತಿತ್ತು, ಸೊಸೆಯ ಮಾತು ಬುದ್ಧಿಗೆ ಹಿಡಿಸುತ್ತಿತ್ತು. ಆಮೇಲೆ ಸೊಸೆ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿ ಕಂಪನಿಯ ಒಂದು ಮಾದರಿ ಪಟ್ಟಿ ತೋರಿಸಿದಳು. ಎಡಕ್ಕೆ ವಿಳಾಸಗಳು, ಬಲಕ್ಕೆ ಯಾರು ಪತ್ರ ತೆರೆದರು, ಎಷ್ಟು ಹೊತ್ತಿಗೆ, ಎಷ್ಟು ಸಲ.

"ನೋಡಿ ಅತ್ತೆ, ಯಾರು ಓದ್ತಾರೆ, ಯಾರು ಓದದೇ ಸುಮ್ನಿದಾರೆ ಅಂತ ಎಲ್ಲ ಗೊತ್ತಾಗುತ್ತೆ."

ಬಾಬಿನಕ್ಕನ ಕೈ ನಿಂತಿತು. ತನ್ನ ಪಟ್ಟಿಯ ನಾಲ್ಕನೆಯ ವಿಳಾಸದ ಮುಂದೆ 'ಒಮ್ಮೆಯೂ ತೆರೆದಿಲ್ಲ' ಎಂದು ಬರೆದಿರುವುದು ಅವಳ ಕಣ್ಣಿಗೆ ಕಟ್ಟಿತು. ಹನ್ನೊಂದು ವರ್ಷ ಗಾಳಿಗೆ ಪತ್ರ ಬರೆದೆನೇ ಎಂದು ತಿಳಿದುಕೊಂಡು ಅವಳಿಗೆ ಆಗಬೇಕಾದ್ದೇನಿರಲಿಲ್ಲ. "ಬೇಡಮ್ಮ" ಎಂದಳು, "ನಮ್ಮ ಎಕ್ಸ್‌ಚೇಂಜೇ ಸಾಕು." ಎದ್ದು ಟೀ ಇಡಲು ಹೋದಳು. ಗಂಡ ಗೆದ್ದೆನೆಂದುಕೊಂಡು ಮೀಸೆ ತಿರುವಿದ. ಸೊಸೆ ಲ್ಯಾಪ್‌ಟಾಪ್ ಮುಚ್ಚಿದಳು.

ಆ ಗೆಲುವು ಮೂರು ವಾರವೂ ಬಾಳಲಿಲ್ಲ. ಆಗ ಎಲ್ಲ ಕಡೆ ಅಗ್ಗದ ಮೋಟಾರೊಂದು ಬಂದಿತ್ತು. ಕಾಲಿನಲ್ಲಿ ತುಳಿಯುವ ಮಿಷನ್ನಿಗೆ ಸಿಕ್ಕಿಸಿಕೊಂಡರೆ ತಾನಾಗಿ ಓಡುವಂಥದ್ದು. ಬಾಬಿನಕ್ಕ ಅದನ್ನು ಬಿಚ್ಚಿ ನೋಡಿದಾಗ ಒಳಗಿನ ತಂತಿ ಕಬ್ಬಿಣಕ್ಕೆ ತಾಗುವ ಹಾಗಿತ್ತು. ಪ್ಲಗ್ ಕಿತ್ತಿಡಿ, ಮುಟ್ಟಬೇಡಿ, ಇಲ್ಲಿಗೆ ತನ್ನಿ ಎಂದು ಪತ್ರದಲ್ಲಿ ದೊಡ್ಡಕ್ಷರದಲ್ಲಿ ಬರೆದಳು. ಹತ್ತು ದಿನದ ಮೇಲೆ ಒಬ್ಬ ಹೆಂಗಸು, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು, ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಮಿಷನ್ನು ಮುಟ್ಟಿದಾಗ ಕೈ ಜುಮ್ಮೆಂದು ಕುರ್ಚಿಯಿಂದ ಕೆಳಗೆ ಬಿದ್ದಿದ್ದಳು.

"ಪತ್ರದಲ್ಲಿ ಬರೆದಿದ್ನಲ್ಲಮ್ಮ" ಎಂದಳು ಬಾಬಿನಕ್ಕ.

"ಎಲ್ಲಿ ಅಕ್ಕ, ನಿಮ್ಮ ಪತ್ರ ಬರೋದು ನಿಂತು ಎಷ್ಟು ತಿಂಗಳಾಯ್ತು. ಅಂಗಡಿ ಮುಚ್ಚಿದ್ರೇನೋ ಅಂದ್ಕೊಂಡೆ."

ಬಾಬಿನಕ್ಕನಿಗೆ ಆ ದಿನ ಊಟ ಸೇರಲಿಲ್ಲ. ಅದೃಷ್ಟ ಚೆನ್ನಾಗಿತ್ತು, ಮೊಣಕೈಗೆ ಹೋಯಿತು. ತಲೆಗೆ ಪೆಟ್ಟಾಗಿದ್ದರೆ? ತನಗೆ ತಂಗಿಯ ವಿಷಯ ತಿಳಿಯಬಾರದು ಎಂಬ ಒಂದೇ ಕಾರಣಕ್ಕೆ ಸಾವಿರಾರು ಜನರ ಪತ್ರವನ್ನು ಕಸಕ್ಕೆ ಹಾಕುತ್ತಿದ್ದೇನೆ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ, "ಆ ಕಂಪನಿಯವರಿಗೆ ಹೇಳಮ್ಮ" ಎಂದಳು. ಗಂಡ ಬಾಯಿ ತೆರೆದ. "ರೀ, ಪಟ್ಟಿ ನಿಮ್ಮ ಎಕ್ಸ್‌ಚೇಂಜಲ್ಲೇ ಇರಲಿ. ಹಳೇ ಪತ್ರಗಳೂ ಅಲ್ಲೇ ಇರಲಿ. ಹೊತ್ಕೊಂಡು ಹೋಗೋದು ಮಾತ್ರ ಅವರು" ಎಂದಳು. ಗಂಡ, "ಅಂದ್ರೆ ಮನೆ ನಮ್ಮದು, ಬಸ್ಸು ಅವರದು" ಎಂದು ಒಪ್ಪಿಕೊಂಡ.

ಬಸ್ಸು ಮೊದಲ ನಿಲ್ದಾಣದಲ್ಲೇ ನಿಂತುಹೋಯಿತು. ಪರೀಕ್ಷೆಗೆಂದು ಐನೂರು ಪತ್ರ ಕಳಿಸಿದ್ದರಲ್ಲಿ ನೂರನಲವತ್ತು ವಾಪಸು ಬಂದವು. ಕಂಪನಿ ಬಹಳ ಸಭ್ಯವಾಗಿ, ಖಾತೆಯನ್ನು ತಡೆಹಿಡಿದಿದ್ದೇವೆ, ನಿಮ್ಮ ಪಟ್ಟಿಯಲ್ಲಿ ಸತ್ತ ವಿಳಾಸಗಳು ತುಂಬಿವೆ, ಪತ್ರ ಬೇಕೆಂದು ಹೇಳಿದವರನ್ನು ಮಾತ್ರ ಉಳಿಸಿಕೊಂಡು ಬನ್ನಿ ಎಂದು ಬರೆಯಿತು. ಗಂಡನಿಗೆ ಒಳಗೊಳಗೇ ಖುಷಿ. ಆದರೆ ಎಕ್ಸ್‌ಚೇಂಜಿನ ಒಂದು ಮೂಲೆಯಲ್ಲಿ ಯಾರೂ ತೆರೆಯದ ಪೆಟ್ಟಿಗೆಯೊಂದಿತ್ತು. ಸೊಸೆ ತೆರೆಸಿ ನೋಡಿದರೆ ಹದಿಮೂರು ವರ್ಷ ವಾಪಸು ಬಂದ ಪತ್ರಗಳೆಲ್ಲ ಅಲ್ಲಿ ರಾಶಿ ಬಿದ್ದಿದ್ದವು. ಅವನ ಖುಷಿ ಅಲ್ಲಿಗೆ ಇಳಿಯಿತು.

"ಇಷ್ಟು ವರ್ಷ ಯಾಕೆ ತೆಗೆದುಹಾಕಿಲ್ಲ ಅತ್ತೆ ಇವನ್ನೆಲ್ಲ?"

"ಗಿರಾಕಿ ಹೆಸರಿಗೆ ಗೀಟು ಎಳೆಯಬಾರದಮ್ಮ. ನಮ್ಮ ಕಸುಬಲ್ಲಿ ಅದು ನಿಯಮ."

"ಮಿಷನ್ನು ವಾಪಸ್ ಬರುತ್ತೆ, ಸರಿ. ಇಮೇಲು ವಿಳಾಸ ಮಗಳ ಮನೆಗೆ ಹೋಗಲ್ಲ ಅತ್ತೆ."

ಮುದುಕ ಮೆಕ್ಯಾನಿಕ್ ನಿಯಮ ಮಾಡಿದ ಕಾಲಕ್ಕೆ ಇಮೇಲು ಇರಲಿಲ್ಲ. ವಾಪಸು ಬಂದ ವಿಳಾಸಗಳನ್ನು ಗಂಡ ಒಂದೊಂದಾಗಿ ಓದಿದ, ಅವಳು ಒಂದೊಂದಕ್ಕೂ ಅವರ ಮಿಷನ್ನಿನ ನೆನಪು ಹೇಳಿ ತೆಗೆದುಹಾಕಲು ಹೂಂ ಅಂದಳು. ಕೊಡೆ ಹೊಲಿಯುತ್ತಿದ್ದವರು, ಗೊಂಬೆಗೆ ಅಂಗಿ ಹೊಲಿಯುತ್ತಿದ್ದವರು, ಹೆಂಡತಿಗೆ ಗೊತ್ತಾಗದ ಹಾಗೆ ಹೊಲಿಗೆ ಕಲಿಯುತ್ತಿದ್ದ ಒಬ್ಬ ನಿವೃತ್ತ ಪೊಲೀಸಪ್ಪ. ಎರಡು ಮಧ್ಯಾಹ್ನ ಹಿಡಿಯಿತು. ತಂಗಿಯ ವಿಳಾಸ ವಾಪಸು ಬಂದವುಗಳಲ್ಲಿ ಇರಲಿಲ್ಲ. ಬಾಬಿನಕ್ಕ ಅದನ್ನು ಗಮನಿಸಿದಳು, ಗಮನಿಸದವಳ ಹಾಗೆ ಕೂತಳು.

ಉಳಿದ ಎಲ್ಲರಿಗೂ ಹೊಸ ಪತ್ರ ಹೋಗಬೇಕಿತ್ತು. ಕಂಪನಿ ಹೇಳಿಕೊಟ್ಟ ಹಾಗೆ ಈ ಸಲ ಮೊದಲ ದಿನ ನೂರು, ಮರುದಿನ ಇನ್ನೂರು ಎಂದು ನಡೆಸಿಕೊಂಡೇ ಕಳಿಸುವುದು, ಮೂರು ಶನಿವಾರ ಕಾಯುವುದು. ಆ ಮೂರು ವಾರವೂ ಎಂದಿನ ಕಾಯಿಲೆ, ಮದ್ದು, ಚಿತ್ರದ ಕೆಳಗೆ ಬಾಬಿನಕ್ಕ ಹೀಗೆ ಬರೆದಳು: "ಹದಿಮೂರು ವರ್ಷ ನಿಮ್ಮ ತಲೆ ತಿಂದಿದ್ದೇನೆ. ಇನ್ನೂ ತಿನ್ನಿಸಿಕೊಳ್ಳುವ ಇಷ್ಟ ಇದ್ದವರು ಕೆಳಗಿನ ಬಟನ್ ಒತ್ತಿ. ಮೂರನೇ ಶನಿವಾರ ಸಂಜೆ ಆರು ಗಂಟೆಯವರೆಗೆ ಕಾಯುತ್ತೇನೆ. ಒತ್ತದವರಿಗೆ ಆಮೇಲೆ ಪತ್ರ ಬರುವುದಿಲ್ಲ, ನನಗೆ ಬೇಜಾರೂ ಇಲ್ಲ. ಎಣ್ಣೆ ಹಾಕುವುದನ್ನು ಮಾತ್ರ ಮರೆಯಬೇಡಿ." ಬೇಜಾರೂ ಇಲ್ಲ ಎನ್ನುವುದು ಶುದ್ಧ ಸುಳ್ಳು. ಕಳಿಸುವ ಮೊದಲು ಆ ಸಾಲನ್ನು ಎರಡು ಸಲ ಅಳಿಸಿ ಎರಡು ಸಲ ಬರೆದಿದ್ದಳು.

ಬಟನ್ ಒತ್ತಿದವರ ಸಂಖ್ಯೆ ಏರತೊಡಗಿತು. ಒತ್ತಿದ್ದು ಸಾಲದೆಂದು ಅಂಗಡಿಗೆ ಬಂದು ಒತ್ತಿದೆ ಎಂದು ಹೇಳಿಹೋದವರಿದ್ದರು. ಒಬ್ಬ ದರ್ಜಿ ಖಾತರಿಗೆ ಇರಲಿ ಎಂದು ಹನ್ನೊಂದು ಸಲ ಒತ್ತಿದ್ದ. ಮೊಣಕೈಗೆ ಪೆಟ್ಟಾದವಳು ಎಡಗೈಯಲ್ಲಿ ಒತ್ತಿದಳಂತೆ.

ಮೊದಲ ವಾರ ಬಾಬಿನಕ್ಕ ಆ ಪಟ್ಟಿಯ ಹತ್ತಿರ ಸುಳಿಯಲಿಲ್ಲ. ಎರಡನೆಯ ವಾರ ಸೊಸೆಯೇ ಬೆಂಚಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ದನಿ ತಗ್ಗಿಸಿ, "ಅತ್ತೆ, ಚಿಕ್ಕತ್ತೆ ವಿಷಯ ಹೇಳಲಾ?" ಎಂದಳು.

ಬಾಬಿನಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಬೇಡ ಎನ್ನಬೇಕೆಂದಿದ್ದಳು, ಆದರೆ ತಲೆ ತಾನಾಗಿ ಹೂಂ ಎಂದು ಆಡಿತು.

"ತೆರೆದಿದಾರೆ. ಮೊದಲನೇ ಪತ್ರ ನಾಲ್ಕು ಸಲ. ಎರಡನೇದು ಆರು ಸಲ."

"ಯಂತ್ರವೇ ತೆರೆದಿರುತ್ತೆ. ಕೆಲವು ಸಲ ಹಾಗಾಗುತ್ತೆ ಅಂತ ನೀನೇ ಹೇಳಿದ್ಯಲ್ಲ."

"ತೆರೆಯೋದನ್ನ ಯಂತ್ರ ಮಾಡಬಹುದು ಅತ್ತೆ. ಚಿತ್ರ ಒತ್ತಿ ದೊಡ್ಡದು ಮಾಡಿ ನೋಡಿದಾರೆ, ಬೇರೆ ಬೇರೆ ದಿನ. ಅದು ಮನುಷ್ಯರೇ ಮಾಡೋದು."

ಬಾಬಿನಕ್ಕನಿಗೆ ಎದೆ ತುಂಬಿ ಬಂತು. ಓದುತ್ತಾಳೆ. ಸೂಜಿ, ಎಣ್ಣೆ, ಬೆಲ್ಟು ಎಂದು ಬರೆದದ್ದನ್ನೆಲ್ಲ ಆ ಹಟಮಾರಿ ಓದುತ್ತಾಳೆ. ಮುಖ ಕಾಣಬಾರದೆಂದು ಡಬ್ಬಿಯೊಂದನ್ನು ತೆಗೆದು ಅದರಲ್ಲಿ ಇಲ್ಲದ ಸ್ಪ್ರಿಂಗು ಹುಡುಕಿದಳು. ಆಮೇಲೆ ಕೇಳಿದಳು, "ಬಟನ್?"

"ಒತ್ತಿಲ್ಲ."

ಮೂರನೆಯ ಶನಿವಾರವೂ ಒತ್ತಲಿಲ್ಲ. ಆ ದಿನ ಮಧ್ಯಾಹ್ನದ ಹೊತ್ತಿಗೆ ಸಾವಿರದ ಒಂಬೈನೂರ ಚಿಲ್ಲರೆ ಜನ ಉಳಿದಿದ್ದರು. ಕಂಪನಿ ಖಾತೆಯ ತಡೆ ತೆಗೆದಿತ್ತು, ಪತ್ರಗಳು ಜನರ ಕಣ್ಣೆದುರಿಗೇ ಹೋಗಿ ಕೂರುತ್ತಿದ್ದವು, ಸೊಸೆ ಗೆದ್ದಿದ್ದಳು, ಗಂಡನೂ ಸೋತಿರಲಿಲ್ಲ. ಬಾಬಿನಕ್ಕ ಮಾತ್ರ ಬೆಳಗ್ಗೆಯಿಂದ ಒಂದೇ ಮಿಷನ್ನನ್ನು ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚುತ್ತಿದ್ದಳು. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ.

"ಇವತ್ತು ಎಷ್ಟು ಸಲ?" ಎಂದು ಕೇಳಿದಳು, ಐದು ಗಂಟೆಗೆ.

"ಐದು ಸಲ. ಕೊನೇದು ಈಗ ಅರ್ಧ ಗಂಟೆ ಹಿಂದೆ" ಎಂದಳು ಸೊಸೆ. "ಅತ್ತೆ, ಚಿಕ್ಕತ್ತೆ ಹೆಸರು ಹಾಗೇ ಇಟ್ಟುಬಿಡೋಣ. ಒಂದು ಹೆಸರಿಗೆ ಕಂಪನಿಯವರೇನೂ ಅನ್ನಲ್ಲ, ಯಾರಿಗೂ ಗೊತ್ತಾಗಲ್ಲ."

"ಅವಳಿಗೆ ಗೊತ್ತಾಗುತ್ತಲ್ಲ. ಮುಂದಿನ ವಾರ ಪತ್ರ ಹೋದ್ರೆ ಅಕ್ಕ ಆಡಿದ ಮಾತಿಗೆ ನಿಲ್ಲಲ್ಲ ಅಂತಾಳೆ. ಹೋಗದಿದ್ರೆ ಅಕ್ಕ ಕೊನೆಗೂ ಕಡಿದುಹಾಕಿದ್ಲು ಅಂತಾಳೆ. ಬೇಕು ಅಂತ ಒಂದು ಬಟನ್ ಒತ್ತೋಕೆ ಅವಳಿಗೆ ಬೆರಳಿಲ್ವಾ?"

ಗೂಡಿನಿಂದ ಗಂಡನ ತಲೆ ಹೊರಗೆ ಬಂತು. "ನಾನು ಮೂವತ್ತೈದು ವರ್ಷ ಕಂಬ ಹತ್ತಿದ್ದು ಯಾತಕ್ಕೆ ಅಂದ್ಕೊಂಡಿದೀಯ?" ಎಂದ. "ಜನ ಫೋನಲ್ಲಿ ಮಾತಾಡ್ಲಿ ಅಂತ." ಅಷ್ಟು ಹೇಳಿ ತಲೆ ಒಳಗೆ ಹೋಯಿತು. ಸೊಸೆ ಏನೋ ನೆನಪಾದವಳಂತೆ ಎದ್ದು ಅಡುಗೆಮನೆಗೆ ಹೋದಳು, ಬಾಗಿಲು ಮಾತ್ರ ಪೂರ್ತಿ ಮುಚ್ಚಲಿಲ್ಲ.

ಬಾಬಿನಕ್ಕ ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡು ಫೋನು ಎತ್ತಿಕೊಂಡಳು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಇಪ್ಪತ್ತು ನಿಮಿಷವಿತ್ತು. ಹನ್ನೊಂದು ವರ್ಷದಲ್ಲಿ ಈ ಫೋನಿಗೆಂದು ಅವಳು ಎಷ್ಟೋ ಮಾತು ಸಿದ್ಧಮಾಡಿಟ್ಟುಕೊಂಡಿದ್ದಳು. ಹೇಗಿದ್ದೀಯ ಎಂದು ಶುರುವಾಗಿ, ಅಮ್ಮನ ನೆನಪಿಗೆ ಬಂದು, ನನ್ನದೇ ತಪ್ಪು ಎಂದು ಮುಗಿಯುವ ಮಾತುಗಳು. ಒಂದು, ಎರಡು, ಐದು ರಿಂಗಾಯಿತು. "ಹಲೋ" ಎಂಬ ದನಿ ಕೇಳಿದ್ದೇ ಆ ಮಾತುಗಳೆಲ್ಲ ಕೈಕೊಟ್ಟವು.

"ಬಟನ್ ಯಾಕೆ ಒತ್ತಿಲ್ಲ?" ಎಂದಳು.

"ಯಾವ ಬಟನ್ನು?" ಎಂದಳು ತಂಗಿ.

"ನಾಟಕ ಆಡಬೇಡ. ಇವತ್ತು ಐದು ಸಲ ತೆಗೆದು ನೋಡಿದೀಯ. ಎಲ್ಲ ಗೊತ್ತಾಗುತ್ತೆ ಇಲ್ಲಿ."

"ಹೌದಾ. ಹನ್ನೊಂದು ವರ್ಷದ್ದೂ ಗೊತ್ತಾಗುತ್ತಾ?"

"ಇಲ್ಲ" ಎಂದಳು ಬಾಬಿನಕ್ಕ, ದನಿ ಇಳಿದುಹೋಯಿತು. "ಮೂರು ವಾರದ್ದು ಮಾತ್ರ."

"ಹಿಂದಿನದ್ದೂ ಓದಿದೀನಿ. ಎಲ್ಲಾನೂ."

ಅಡುಗೆಮನೆಯ ಕಡೆ ಪಾತ್ರೆಯ ಸದ್ದು ನಿಂತಿತ್ತು. ಬಾಬಿನಕ್ಕ ಸ್ಟೂಲಿನ ಮೇಲೆ ಕೂತಳು. ಬೇರೆ ದಾರಿ ಕಾಣದೆ ಬೈದಳು. "ಮತ್ತೆ ಏನು ಬಂದಿತ್ತು ನಿನಗೆ? ಆರು ಗಂಟೆಗೆ ಹೆಸರು ಹೋಗುತ್ತೆ ಅಂತ ಬರೆದಿರಲಿಲ್ವಾ? ಒಂದು ಸಲ ಒತ್ತಿದ್ರೆ ಮುಗೀತಿತ್ತು."

"ಒತ್ತಿದ್ರೆ ನೀನು ಫೋನ್ ಮಾಡ್ತಿದ್ಯಾ, ಅಕ್ಕ?"